ಡೋರ್ ಬೀಡಿಂಗ್‌ಗೆ ಏನು ಹಚ್ಚಬೇಕು? ಹಿಂದಿನ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆಯಾಗುತ್ತಿದೆ

ವಿದ್ಯಾನಗರದವ
ಎಲ್ಲರಿಗೂ ನಮಸ್ಕಾರ. ನಾನಿರುವುದು ದಾವಣಗೆರೆ. ಏಳು ವರ್ಷ ಹಳೆಯ ಸಣ್ಣ ಕಾರು, ಶೆಡ್ ಇಲ್ಲ, ಮನೆ ಮುಂದೆ ರಸ್ತೆಯಲ್ಲೇ ನಿಲ್ಲುತ್ತದೆ. ಈ ಸಲ ಮಳೆ ಶುರುವಾದ ಮೇಲೆ ಹಿಂದಿನ ಎಡಗಡೆ ಸೀಟಿನ ಮುಂದೆ ಮ್ಯಾಟ್ ಎತ್ತಿದರೆ ಕಾರ್ಪೆಟ್ ಒದ್ದೆ. ಒಣಗಿಸುತ್ತೇನೆ, ಜೋರು ಮಳೆ ಬಂದರೆ ಮತ್ತೆ ಅದೇ ಕಥೆ. ಕಾರೊಳಗೆ ಮುಗ್ಗಲು ವಾಸನೆ ಬೇರೆ. ಮಗಳು ಕೂತ ಸ್ವಲ್ಪ ಹೊತ್ತಿಗೇ ಸೀನಲು ಶುರು ಮಾಡುತ್ತಾಳೆ.

ಸರ್ವಿಸ್‌ಗೆ ಬಿಟ್ಟಾಗ ನಾಲ್ಕೂ ಡೋರಿನ ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಹೋಗಿದೆ, ಎಲ್ಲಾ ಬದಲಾಯಿಸಬೇಕು ಅಂದರು. ಎಸ್ಟಿಮೇಟ್ ಆರು ಸಾವಿರ ಚಿಲ್ಲರೆ. ನಾನು ನೋಡಿದರೆ ರಬ್ಬರ್ ಎಲ್ಲೂ ಹರಿದಿಲ್ಲ. ಕೆಳಗಡೆ ಧೂಳು ಕಚ್ಚಿಕೊಂಡು ಬೂದು ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಒಣಗಿದ ಹಾಗೆ ಅನಿಸುತ್ತದೆ. ಬಿಸಿಲಲ್ಲಿ ನಿಂತಿದ್ದಾಗ ಬಾಗಿಲು ತೆಗೆದರೆ ಚರ್ ಅಂತ ಅಂಟು ಬಿಟ್ಟ ಸದ್ದು ಬರುತ್ತದೆ.

ಬದಲಾಯಿಸಲೇಬೇಕಾ? ಉಳಿಸಿಕೊಳ್ಳುವುದಾದರೆ ಏನು ಹಚ್ಚಬೇಕು? ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಅಂತಾರೆ, ತಮ್ಮ ವ್ಯಾಸಲೀನ್ ಅಂತಾನೆ, ಆಫೀಸಿನಲ್ಲಿ ಒಬ್ಬರು ಡಬ್ಲ್ಯುಡಿ-40 ಸ್ಪ್ರೇ ಅಂತಾರೆ. ಗೊತ್ತಿದ್ದವರು ಹೇಳಿ.

ಚಳ್ಳಕೆರೆ ರಸ್ತೆ
ಕೊಬ್ಬರಿ ಎಣ್ಣೆನೇ ಹಚ್ಚಿ ಸರ್. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಅದೇ. ಹಚ್ಚಿದ ತಕ್ಷಣ ಕರ್ರಗೆ ಹೊಸದರ ಹಾಗೆ ಕಾಣುತ್ತದೆ.

ದುರ್ಗದ ಗಾಳಿ
ಎಣ್ಣೆ ಬೇಡ ಸರ್, ಯಾವ ಎಣ್ಣೆಯೂ ಬೇಡ. ಹೊಳಪು ಬರುವುದು ನಿಜ. ಆದರೆ ನಮ್ಮ ಕಡೆಯ ಗಾಳಿ ನೋಡಿದ್ದೀರಾ? ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಕಾರಿನ ಬಾಗಿಲು ತೆಗೆದರೆ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಬೀಸುತ್ತದೆ. ಎಣ್ಣೆ ಹಚ್ಚಿದ ಬೀಡಿಂಗ್ ಮೇಲೆ ಸಂಜೆಯೊಳಗೆ ಧೂಳಿನ ಪದರ ಕೂತಿರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುವುದೂ ಇಲ್ಲ. ಬಾಗಿಲು ಹಾಕಿದಾಗಲೆಲ್ಲ ಆ ಮಣ್ಣು ಪೇಂಟನ್ನು ತಿಕ್ಕುತ್ತದೆ. ನಮ್ಮ ಓಣಿಯ ಒಂದು ಬಿಳಿ ಕಾರಿನಲ್ಲಿ ಬೀಡಿಂಗ್ ತಾಗುವ ಉದ್ದಕ್ಕೂ ಪೇಂಟ್ ಮಂಕಾಗಿ ಗೆರೆ ಬಿದ್ದಿದೆ.

ಚಳ್ಳಕೆರೆ ರಸ್ತೆ
ಎಣ್ಣೆ ಇಲ್ಲದಿದ್ದರೂ ಧೂಳು ಕೂರುತ್ತದೆ ಅಲ್ವಾ? ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಎಣ್ಣೆ ಹಚ್ಚುವವರನ್ನೂ ನೋಡಿದ್ದೇನೆ. ಯಾರ ಬೀಡಿಂಗೂ ಕರಗಿ ಹೋಗಿಲ್ಲ.

ಟಿಂಕರ್ ಅಣ್ಣ, ಹರಿಹರ
ವಿದ್ಯಾನಗರದವರೇ, ಏನು ಹಚ್ಚಬೇಕು ಅನ್ನುವುದು ಆಮೇಲಿನ ಮಾತು. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಬಾಡಿ ಕೆಲಸದಲ್ಲೇ ಇರುವವನು ನಾನು. ನೀರು ಸೋರುತ್ತಿದೆ ಅಂತ ಬರುವ ಕಾರುಗಳಲ್ಲಿ ಡೋರ್ ಬೀಡಿಂಗ್‌ನದೇ ದೋಷ ಇರುವುದು ಕಡಿಮೆ. ಆದರೂ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಕಣ್ಣಿಗೆ ಕಾಣುವ ರಬ್ಬರ್ ಅದೊಂದೇ ನೋಡಿ.

ಡೋರಿನ ಒಳಗೆ ನೀರು ಹೋಗುವುದು ಸಹಜ. ಗ್ಲಾಸ್ ಇಳಿಯುವ ಸಂದಿಯ ಹೊರಗಡೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಬಹುಪಾಲು ನೀರನ್ನು ಅದು ತಡೆಯುತ್ತದೆ, ಪೂರ್ತಿ ಅಲ್ಲ. ಉಳಿದದ್ದು ಗ್ಲಾಸಿನ ಜೊತೆಗೇ ಡೋರಿನ ಹೊಟ್ಟೆಗೆ ಇಳಿದು, ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಕಂಪನಿಯವರು ಹಾಗೆಂದೇ ಮಾಡಿರುತ್ತಾರೆ. ಆ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲನ್ನು ಹಿಂದೆ ಮುಂದೆ ಆಡಿಸಿದರೆ ಗುಳುಗುಳು ಅಂತ ಕೇಳುತ್ತದೆ. ಕೆಳಗಿನ ಅಂಚು ತುಕ್ಕು ಹಿಡಿಯುವುದು ಇದರಿಂದಲೇ.

ಇನ್ನೊಂದಿದೆ. ಬಾಗಿಲಿನ ಒಳಮೈ ಮುಚ್ಚುವ ಪ್ಯಾಡ್ ಬಿಚ್ಚಿದರೆ ಅದರ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ, ಸುತ್ತ ಕಪ್ಪು ಅಂಟು. ಡೋರಿನ ಹೊಟ್ಟೆಯಲ್ಲಿರುವ ನೀರು ಕಾರೊಳಗೆ ಬರದ ಹಾಗೆ ನೋಡಿಕೊಳ್ಳುವುದು ಆ ಹಾಳೆ. ಅದು ಹರಿದಿದ್ದರೆ, ಇಲ್ಲವೇ ಅಂಟು ಬಿಟ್ಟಿದ್ದರೆ ನೀರು ಪ್ಯಾಡಿನ ಹಿಂದಿನಿಂದ ಇಳಿದು ನೇರ ಕಾರ್ಪೆಟ್ ಸೇರುತ್ತದೆ. ಎಷ್ಟು ಹೊಸ ಬೀಡಿಂಗ್ ಹಾಕಿದರೂ ನಿಲ್ಲುವುದಿಲ್ಲ.

ಹಾಗಾಗಿ ಇಷ್ಟು ಹೇಳಿ. ಆ ಡೋರಿಗೆ ಸ್ಪೀಕರ್ ಹಾಕಿಸಿದ್ದೀರಾ? ಪವರ್ ವಿಂಡೋ ಕೆಲಸ ಆಗಿದೆಯಾ? ಮಳೆ ಇಲ್ಲದ ದಿನ ಎ.ಸಿ. ಹಾಕಿಕೊಂಡು ಓಡಾಡಿದರೂ ಒದ್ದೆ ಆಗುತ್ತದಾ?

ವಿದ್ಯಾನಗರದವ
ಮಳೆಗೆ ಮಾತ್ರ ಅಣ್ಣ. ಎ.ಸಿ.ಗೆ ಆಗುವುದಿಲ್ಲ. ಸ್ಪೀಕರ್ ಹೌದು, ಹೋದ ದಸರಾ ಹೊತ್ತಿಗೆ ಹಿಂದಿನ ಎರಡೂ ಡೋರಿಗೆ ಹೊಸದು ಹಾಕಿಸಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಟಿಂಕರ್ ಅಣ್ಣ, ಹರಿಹರ
ಇದೆ. ಸ್ಪೀಕರ್ ಕೂರಿಸುವವರು ಆತುರಕ್ಕೆ ಆ ಹಾಳೆಯನ್ನು ಬ್ಲೇಡಿನಲ್ಲಿ ಕೊಯ್ದು ಹಾಗೇ ಪ್ಯಾಡ್ ಮುಚ್ಚಿಬಿಡುತ್ತಾರೆ. ಆದರೆ ನಾನು ಹೇಳಿದೆ ಅಂತ ನೇರ ಬಿಚ್ಚಿಸಬೇಡಿ, ಮೊದಲು ಮನೆಯಲ್ಲೇ ನೋಡಿ. ಪೈಪಿನ ನೀರು ಮೆಲ್ಲಗೆ ಬಿಡಿ, ಒತ್ತಡ ಬೇಡ. ಬಾಗಿಲ ಕೆಳಗಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಹರಿದು ಎಲ್ಲಿಂದ ಒಳಗೆ ಬಂತು ಅಂತ ಗೊತ್ತೇ ಆಗುವುದಿಲ್ಲ. ಬೀಡಿಂಗ್ ಪಕ್ಕದಿಂದ ಬಂದರೆ ಹೊಸ್ತಿಲ ಪಟ್ಟಿಯ ಮೇಲೆ ಹನಿ ಕಾಣುತ್ತದೆ. ಪ್ಯಾಡಿನ ಕೆಳಗಿನ ಅಂಚಿನಿಂದ ತೊಟ್ಟಿಕ್ಕಿದರೆ ಹಾಳೆಯದೇ ಕೆಲಸ.

ಪಿ.ಬಿ. ರಸ್ತೆ
ಇನ್ನೂ ಸುಲಭದ್ದು: ಹತ್ತು ರೂಪಾಯಿ ನೋಟನ್ನು ಬೀಡಿಂಗ್ ಮೇಲೆ ಅಡ್ಡ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಆ ಜಾಗ ಸರಿ ಇದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತು ಇಲ್ಲ. ಗೇಣು ಗೇಣಿಗೆ ಒಮ್ಮೆ ಹೀಗೆ ಮಾಡುತ್ತಾ ಸುತ್ತ ಬನ್ನಿ.

ಹೊಳಲ್ಕೆರೆ ಅಡಿಕೆ
ನೋಟು ಹರಿದೀತು, ಪೇಪರ್ ಪಟ್ಟಿ ಸಾಕು.

ಪಿ.ಬಿ. ರಸ್ತೆ
ಪೇಪರೇ ಬೇಗ ಹರಿಯುವುದು. ನೋಟು ಗಟ್ಟಿ ಇರುತ್ತದೆ, ಅದಕ್ಕೇ ಹೇಳಿದ್ದು.

ಮಲೇಬೆನ್ನೂರು ಟೀಚರ್
ಸೀಮೆಸುಣ್ಣ ಇನ್ನೂ ಚೆನ್ನ. ಬೀಡಿಂಗ್ ಉದ್ದಕ್ಕೂ ಉಜ್ಜಿ, ಬಾಗಿಲು ಹಾಕಿ ತೆಗೆಯಿರಿ. ಎದುರಿನ ಪೇಂಟಿನ ಮೇಲೆ ಬಿಳಿ ಗೆರೆ ಎಲ್ಲಿ ಬಿದ್ದಿದೆ, ಎಲ್ಲಿ ತಪ್ಪಿದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ನಮ್ಮವರು ಹಾಗೇ ನೋಡಿ, ಬೀಡಿಂಗ್ ಬದಲಾಯಿಸದೆ ಬರೀ ಲಾಕಿನ ಕೊಕ್ಕೆ ಸರಿಸಿಸಿಕೊಂಡು ಬಂದರು. ಗಾಳಿ ಸದ್ದೂ ನಿಂತಿತು.

ಟಿಂಕರ್ ಅಣ್ಣ, ಹರಿಹರ
ಟೀಚರ್ ಹೇಳಿದ್ದು ಸರಿಯಾಗಿದೆ. ಬಾಗಿಲ ಪಕ್ಕದ ಬಾಡಿ ಕಂಬಕ್ಕೆ ಬೋಲ್ಟ್ ಹಾಕಿರುವ ಆ ಕೊಕ್ಕೆಯನ್ನು ಕೂದಲೆಳೆಯಷ್ಟು ಒಳಗೆ ಸರಿಸಿದರೂ ಬಾಗಿಲು ಬೀಡಿಂಗನ್ನು ಚೆನ್ನಾಗಿ ಒತ್ತುತ್ತದೆ. ಹಿಂಜ್ ಸವೆದು ಬಾಗಿಲು ಜೋತಿದ್ದರೆ ಮಾತ್ರ ಬೇರೆ ಕೆಲಸ. ಮಕ್ಕಳು ಬಾಗಿಲಿಗೆ ಜೋತು ಬೀಳುವುದನ್ನು ತಡೆಯಿರಿ, ಹಿಂಜ್ ಹಾಳಾಗುವುದೇ ಹಾಗೆ.

ರಸಾಯನ ಮೇಷ್ಟ್ರು
ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಚಳ್ಳಕೆರೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಸರಿಯಾದ ಉತ್ತರ ಕೊಡಬೇಕು.

ಈಗಿನ ಕಾರುಗಳ ಡೋರ್ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರ್. ಎಥಿಲೀನ್, ಪ್ರೊಪಿಲೀನ್ ಸೇರಿಸಿ ಕಾರ್ಖಾನೆಯಲ್ಲಿ ಮಾಡುವುದು, ಮರದ ಹಾಲಿನಿಂದಲ್ಲ. ಮರದ ರಬ್ಬರಿನ ಅಣು ಸರಪಳಿಯಲ್ಲಿ ಉದ್ದಕ್ಕೂ ಜೋಡಿ ಬಂಧಗಳಿರುತ್ತವೆ. ಗಾಳಿಯಲ್ಲಿರುವ ಓಝೋನ್ ಅವನ್ನೇ ಹುಡುಕಿ ಕತ್ತರಿಸುತ್ತದೆ. ಬಾಗಿದ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ಬಿಡುವುದು ಅದಕ್ಕೇ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಹಾಕಿ ಬಿಸಿ ಮಾಡಿ ರಬ್ಬರನ್ನು ಗಟ್ಟಿ ಮಾಡಿದ್ದು ದೊಡ್ಡ ಕೆಲಸ, ಆದರೆ ಓಝೋನ್ ಕಾಟ ಅದರಿಂದ ಹೋಗಲಿಲ್ಲ. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಆ ಜೋಡಿ ಬಂಧಗಳೇ ಇಲ್ಲ. ಅದಕ್ಕೆ ಬೆರೆಸಿರುವ ಕಪ್ಪು ಇಂಗಾಲದ ಪುಡಿ ಬಿಸಿಲನ್ನು ತಡೆಯುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ರಸ್ತೆ ಬದಿ ನಿಂತರೂ ವರ್ಷಗಟ್ಟಲೆ ಬಾಳುವುದು ಹೀಗೆ.

ಅದಕ್ಕೆ ಆಗದಿರುವುದು ಎಣ್ಣೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಗ್ರೀಸ್, ವ್ಯಾಸಲೀನ್, ಎಲ್ಲವೂ ಪೆಟ್ರೋಲಿಯಂ ಸಂತಾನ. ಇಪಿಡಿಎಂ ಇವನ್ನು ಹೀರಿಕೊಂಡು ಉಬ್ಬುತ್ತದೆ. ಬೀಡಿಂಗ್‌ನ ಒಳಗೆ ಸ್ಪಂಜಿನಂಥ ಭಾಗ ಇರುತ್ತದಲ್ಲ, ಅದಂತೂ ಒಗ್ಗರಣೆಗೆ ನೆನೆಸಿದ ಮಂಡಕ್ಕಿಯ ಹಾಗೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಅಡುಗೆ ಎಣ್ಣೆಗಳ ಪೆಟ್ಟು ಇಷ್ಟು ಜೋರಲ್ಲ, ಒಪ್ಪುತ್ತೇನೆ. ಕರಗಿ ಹೋಗುವುದೂ ಇಲ್ಲ. ಆದರೆ ಎಣ್ಣೆ ಗಾಳಿಗೆ ಕಮಟು ಹಿಡಿದು ಜಿಗುಟಾಗುತ್ತದೆ, ಧೂಳು ಹಿಡಿಯುತ್ತದೆ. ಲಾಭ ಏನೂ ಇಲ್ಲದ ಮೇಲೆ ಯಾಕೆ ಹಚ್ಚಬೇಕು?

ಚಳ್ಳಕೆರೆ ರಸ್ತೆ
ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ಹಚ್ಚಬೇಕಾದ್ದು ಏನು?

ರಸಾಯನ ಮೇಷ್ಟ್ರು
ಸಿಲಿಕೋನ್. ಸ್ಪ್ರೇ ಆದರೂ ಸರಿ, ಗ್ರೀಸ್ ಆದರೂ ಸರಿ. ಇಪಿಡಿಎಂ ಅದನ್ನು ಹೀರುವುದಿಲ್ಲ. ಹೋಂಡಾದವರು ಬೀಡಿಂಗ್‌ಗಂತಲೇ ಶಿನ್-ಎತ್ಸು ಅನ್ನುವ ಸಿಲಿಕೋನ್ ಗ್ರೀಸ್ ಮಾರುತ್ತಾರೆ. ಯಾವ ಕಂಪನಿಯದ್ದು ಅನ್ನುವುದು ಮುಖ್ಯ ಅಲ್ಲ. ಡಬ್ಬಿಯ ಹಿಂದೆ ಪೆಟ್ರೋಲಿಯಂ ದ್ರಾವಕ ಇಲ್ಲ ಅಂತ ನೋಡಿ ತೆಗೆದುಕೊಳ್ಳಿ.

ಹೈವೇ 48
ಡಬ್ಲ್ಯುಡಿ-40 ಬಗ್ಗೆ ಯಾರೂ ಹೇಳಲಿಲ್ಲ. ನಾನು ಬಳಸುತ್ತಿದ್ದೇನೆ. ಕಿರ್ ಸದ್ದು ತಕ್ಷಣ ನಿಲ್ಲುತ್ತದೆ. ಚೆನ್ನಾಗಿದೆ ಅನ್ನಲು ಇನ್ನೇನು ಬೇಕು?

ದುರ್ಗದ ಗಾಳಿ
ನಿಲ್ಲುತ್ತದೆ, ಸರಿ. ಎಷ್ಟು ದಿನಕ್ಕೆ? ಅದರಲ್ಲಿರುವುದು ಖನಿಜ ಎಣ್ಣೆ, ಪೆಟ್ರೋಲಿಯಂ ದ್ರಾವಕ. ಈಗ ತಾನೇ ಮೇಷ್ಟ್ರು ಬೇಡ ಅಂದಿದ್ದು ಅದನ್ನೇ.

ಹೈವೇ 48
ನನ್ನ ಬೀಡಿಂಗ್ ಉಬ್ಬಿಲ್ಲ. ಕಣ್ಣಾರೆ ನೋಡುತ್ತಿದ್ದೇನೆ.

ರಸಾಯನ ಮೇಷ್ಟ್ರು
ಒಂದು ಸಲ ತಾಗಿದ ಮಾತ್ರಕ್ಕೆ ಹಾಳಾಗುವುದಿಲ್ಲ. ದ್ರಾವಕ ಬೇಗ ಆರಿ ಹೋಗುತ್ತದೆ. ತಿಂಗಳಿಗೊಮ್ಮೆ ಹಚ್ಚುತ್ತಾ ಹೋದರೆ ಉಳಿದ ಎಣ್ಣೆ ಸೇರಿಕೊಳ್ಳುತ್ತಾ ಬರುತ್ತದೆ. ಅದೇ ಹೆಸರಿನಲ್ಲಿ ಸಿಲಿಕೋನ್ ಸ್ಪ್ರೇ ಬೇರೆಯಾಗಿ ಸಿಗುತ್ತದೆ. ಅದರ ಡಬ್ಬಿಯ ಹಿಂದೆಯೂ ಪೆಟ್ರೋಲಿಯಂ ದ್ರಾವಕ ಇಲ್ಲ ಅಂತ ನೋಡಿ ಕೊಂಡರೆ ನಿಮ್ಮ ಮಾತೂ ಉಳಿಯಿತು, ಬೀಡಿಂಗೂ ಉಳಿಯಿತು. ಹಿಂಜ್‌ಗೆ, ಲಾಕಿಗೆ ನಿಮ್ಮ ಹತ್ತಿರ ಇರುವುದನ್ನೇ ಬಳಸಿ, ಅಡ್ಡಿ ಇಲ್ಲ.

ಹೈವೇ 48
ಇದು ಒಪ್ಪುವ ಮಾತು.

ಹೊಳಲ್ಕೆರೆ ಅಡಿಕೆ
ಗ್ಲಿಸರಿನ್? ಮೆಡಿಕಲ್ ಶಾಪಿನಲ್ಲಿ ಕಡಿಮೆಗೆ ಸಿಗುತ್ತದೆ.

ರಸಾಯನ ಮೇಷ್ಟ್ರು
ರಬ್ಬರಿಗೆ ತೊಂದರೆ ಇಲ್ಲ. ಚಳಿ ದೇಶಗಳಲ್ಲಿ ಬೀಡಿಂಗ್ ಹಿಮಕ್ಕೆ ಅಂಟಿಕೊಳ್ಳದಿರಲಿ ಅಂತ ಹಚ್ಚುತ್ತಾರೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಒಂದು ಮಳೆಗೆ ತೊಳೆದು ಹೋಗುತ್ತದೆ. ತೇವ ಎಳೆದುಕೊಂಡು ಅಂಟಂಟಾಗಿ ಧೂಳನ್ನೂ ಹಿಡಿಯುತ್ತದೆ. ನಮ್ಮ ಜಿಲ್ಲೆಗಳಿಗೆ ಒಗ್ಗುವಂಥದ್ದಲ್ಲ.

ಬಾತಿ ಕೆರೆ
ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಬಿಳಿ ಪುಡಿ ಹಾಕುತ್ತಾರಲ್ಲ, ಅದು ಹಚ್ಚಬಹುದಾ? ಅಂಟುವುದು ನಿಲ್ಲುತ್ತದೆ ಅಂತ ಕೇಳಿದ್ದೇನೆ.

ಟಿಂಕರ್ ಅಣ್ಣ, ಹರಿಹರ
ಅಂಟುವುದು ನಿಲ್ಲುತ್ತದೆ. ಆದರೆ ಬಟ್ಟೆಗೆಲ್ಲ ಬಿಳಿ ಬಳಿಯುತ್ತದೆ. ಕಪ್ಪು ಪ್ಯಾಂಟ್ ಹಾಕಿಕೊಂಡು ಇಳಿದರೆ ಗೊತ್ತಾಗುತ್ತದೆ.

ಮಲೇಬೆನ್ನೂರು ಟೀಚರ್
ಹಚ್ಚುವುದರ ಬಗ್ಗೆಯೇ ಮಾತಾಯಿತು, ತೊಳೆಯುವುದನ್ನು ಯಾರಾದರೂ ಹೇಳಿ. ನಾನು ಕಾರು ತೊಳೆದಾಗಲೆಲ್ಲ ಬಾಗಿಲು ತೆಗೆದು ಬೀಡಿಂಗನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ. ಒರೆಸಿದ ಬಟ್ಟೆ ನೋಡಿದರೆ ಕೆಂಪು ಮಣ್ಣು, ಕಪ್ಪು ಮಸಿ. ಇದನ್ನು ತೆಗೆಯದೆ ಮೇಲೆ ಏನು ಹಚ್ಚಿದರೂ ಪ್ರಯೋಜನ ಇಲ್ಲ ಅಂತ ನನ್ನ ಅನಿಸಿಕೆ.

ದುರ್ಗದ ಗಾಳಿ
ನೂರಕ್ಕೆ ನೂರು ನಿಜ ಅಕ್ಕ. ನಾನು ಮಾಡುವುದು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಕಾರು ನೆರಳಲ್ಲಿರಬೇಕು, ರಬ್ಬರ್ ತಣ್ಣಗಿರಬೇಕು. ಒಂದು ಮಗ್ ನೀರಿಗೆ ನಾಲ್ಕು ಹನಿ ಕಾರ್ ಶಾಂಪೂ. ಮೆತ್ತನೆ ಬಟ್ಟೆ ಅದ್ದಿ, ಹಿಂಡಿ, ಮೇಲಿನ ಮೂಲೆಯಿಂದ ಕೆಳಗೆ ಒರೆಸುತ್ತಾ ಬನ್ನಿ. ಬೀಡಿಂಗ್‌ಗೆ ಒಂದು ತೆಳು ನಾಲಿಗೆ ಇರುತ್ತದೆ. ಅದನ್ನು ಬೆರಳಲ್ಲಿ ಮಡಚಿ ನೋಡಿ, ಅಡಿಯಲ್ಲಿ ಮಣ್ಣು ಗೆರೆಯಾಗಿ ಕೂತಿರುತ್ತದೆ. ಅಲ್ಲಿಗೆ ಬಟ್ಟೆಯ ಅಂಚು ಹೋಗಬೇಕು. ಹಿಂಜ್ ಕಡೆ, ತಳದ ಎರಡು ಮೂಲೆ, ಈ ಮೂರು ಜಾಗದಲ್ಲೇ ಜಾಸ್ತಿ ಕಸ. ಬೇವಿನ ಎಲೆ, ಹೊಂಗೆ ಹೂವು ಎಲ್ಲಾ ಅಲ್ಲೇ ಸಿಗುತ್ತದೆ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಎದುರಿನ ಪೇಂಟ್ ಕೂಡ ಒರೆಸಿ, ಅರ್ಧ ಮಣ್ಣು ಅಲ್ಲೇ ಇರುತ್ತದೆ. ಪೂರ್ತಿ ಒಣಗಿದ ಮೇಲೆ ಸಿಲಿಕೋನನ್ನು ಬಟ್ಟೆಗೆ ಹೊಡೆದುಕೊಂಡು ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಮುಟ್ಟಿದರೆ ಕೈಗೆ ಜಿಡ್ಡು ತಾಗಬಾರದು.

ಸಿಲಿಕೋನ್ ವರ್ಷಕ್ಕೆ ಎರಡು ಸಲ ಸಾಕು. ಯುಗಾದಿ ಹೊತ್ತಿಗೆ ಒಮ್ಮೆ, ಮುಂಗಾರಿಗೆ ಮುಂಚೆ ಒಮ್ಮೆ. ನೀರಿನ ಬಟ್ಟೆ ಮಾತ್ರ ಆಗಾಗ ಬೇಕು.

ಟಿಂಕರ್ ಅಣ್ಣ, ಹರಿಹರ
ಸ್ಪ್ರೇಯನ್ನು ನೇರ ಬೀಡಿಂಗ್ ಮೇಲೆ ಹೊಡೆಯಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಗಾಳಿಗೆ ಹಾರಿ ಗಾಜಿನ ಮೇಲೆ ಕೂತರೆ ರಾತ್ರಿ ಎದುರಿನ ಗಾಡಿ ಲೈಟಿಗೆ ಮಸುಕು. ಬ್ರೇಕ್ ಪೆಡಲ್ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಪೇಂಟಿಗೆ ಬಂದ ಕಾರಿನಲ್ಲಿ ಸಿಲಿಕೋನ್ ಇದ್ದರೆ ನಮಗೆ ದೊಡ್ಡ ತಲೆನೋವು. ಬಣ್ಣ ಹಿಡಿಯದೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಹಚ್ಚಿದ್ದರೆ ಪೇಂಟರ್‌ಗೆ ಮೊದಲೇ ಹೇಳಿ, ಅವರು ಸರಿಯಾಗಿ ಒರೆಸಿಕೊಳ್ಳುತ್ತಾರೆ.

ವಾಟರ್ ವಾಶ್‌ನಲ್ಲಿ ಡೀಸೆಲ್ ಹೊಡೆಯುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಬೇಡ ಅಂತ ಬಾಯಿಬಿಟ್ಟು ಹೇಳಿ. ಡೀಸೆಲ್ ಬಿದ್ದ ರಬ್ಬರ್ ಯಾವುದೂ ಉದ್ಧಾರ ಆಗುವುದಿಲ್ಲ. ಪ್ರೆಶರ್ ಗನ್ನಿನ ಮೂತಿಯನ್ನು ಬಾಗಿಲ ಸಂದಿಗೆ ಹಿಡಿಯುವುದಕ್ಕೂ ಬಿಡಬೇಡಿ.

ಹದಡಿ ರಸ್ತೆ ಹುಡುಗ
ನಾನು ಆನ್‌ಲೈನ್‌ನಲ್ಲಿ ಡಿ ಆಕಾರದ ಅಂಟಿಸುವ ಬೀಡಿಂಗ್ ತರಿಸಿ ಕಂಪನಿ ಬೀಡಿಂಗ್ ಜೊತೆಗೆ ಎಕ್ಸ್‌ಟ್ರಾ ಹಾಕಿದ್ದೇನೆ. ಹೈವೇಯಲ್ಲಿ ಗಾಳಿ ಸದ್ದು ನಿಜಕ್ಕೂ ಕಡಿಮೆ ಆಯಿತು. ನೀರಿಗೂ ಡಬಲ್ ತಡೆ. ಎಲ್ಲರೂ ಹಾಕಿ ಅಂತ ಹೇಳುತ್ತೇನೆ.

ಟಿಂಕರ್ ಅಣ್ಣ, ಹರಿಹರ
ತಮ್ಮಾ, ಬಾಗಿಲು ಹಾಕುವಾಗ ಮೊದಲಿಗಿಂತ ಜೋರಾಗಿ ಎಳೆಯಬೇಕಾ?

ಹದಡಿ ರಸ್ತೆ ಹುಡುಗ
ಸ್ವಲ್ಪ ಬಿಗಿ ಅಣ್ಣ. ಅಮ್ಮನಿಗೆ ಹಾಕಲು ಬರುವುದಿಲ್ಲ, ನಾನೇ ಇಳಿದು ಹೋಗಿ ಹಾಕುತ್ತೇನೆ.

ಟಿಂಕರ್ ಅಣ್ಣ, ಹರಿಹರ
ಅದೇ ಬೇಡ ಅನ್ನುವುದು. ಬಾಗಿಲಿಗೂ ಬಾಡಿಗೂ ಮಧ್ಯೆ ಇಷ್ಟೇ ಜಾಗ ಅಂತ ಲೆಕ್ಕ ಇರುತ್ತದೆ. ಎರಡು ಸಾಲು ರಬ್ಬರ್ ತುರುಕಿದರೆ ಲಾಕಿನ ಮೇಲೆ, ಹಿಂಜ್ ಮೇಲೆ ದಿನವೂ ಭಾರ. ಕಂಪನಿ ಬೀಡಿಂಗ್ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಬಾಗಿಲು ಅರ್ಧ ಲಾಕಿನಲ್ಲಿ ನಿಂತರೆ ಓಡುವಾಗ ಅಪಾಯ.

ಹದಡಿ ರಸ್ತೆ ಹುಡುಗ
ಸದ್ದು ಕಡಿಮೆ ಆಗಿದ್ದು ಸುಳ್ಳಾ ಅಣ್ಣ?

ಪಿ.ಬಿ. ರಸ್ತೆ
ಸುಳ್ಳಲ್ಲ. ನನ್ನ ಭಾವನ ಕಾರಿನಲ್ಲೂ ಕಡಿಮೆ ಆಗಿದೆ. ಆದರೆ ಅವರು ಹಾಕಿದ್ದು ಮೆತ್ತನೆಯ ಸಣ್ಣ ಸೈಜು, ಮೇಲಿನ ಅಂಚಿಗೆ ಮಾತ್ರ. ಸುತ್ತಲೂ ಹಾಕಿಲ್ಲ. ಬಾಗಿಲು ಮೊದಲಿನ ಹಾಗೇ ಹಾಕಿಕೊಳ್ಳುತ್ತದೆ.

ಟಿಂಕರ್ ಅಣ್ಣ, ಹರಿಹರ
ಹಾಗಾದರೆ ಅಡ್ಡಿ ಇಲ್ಲ. ಎರಡು ಬೆರಳಲ್ಲಿ ತಳ್ಳಿದರೆ ಬಾಗಿಲು ಹಾಕಿಕೊಳ್ಳಬೇಕು, ಅದೇ ಅಳತೆ. ಹುಡುಗನ ಕಾರಿನಲ್ಲಿ ಕೆಳಗಿನ ಸಾಲು ತೆಗೆದುಬಿಡಲಿ.

ವಿದ್ಯಾನಗರದವ
ಪರೀಕ್ಷೆ ಮಾಡಿದೆ. ನೋಟು ಎಲ್ಲಾ ಕಡೆ ಬಿಗಿಯಾಗಿ ಬಂತು. ಪೈಪ್ ಹಿಡಿದದ್ದು ತಮ್ಮ, ನಾನು ಒಳಗೆ. ಕೆಳಗಿನಿಂದ ಶುರು ಮಾಡಿ ಗ್ಲಾಸಿನ ಮಟ್ಟಕ್ಕೆ ಬರುವವರೆಗೂ ಒಳಗೆ ಒಂದು ಹನಿ ಇಲ್ಲ. ಗ್ಲಾಸಿನ ಮೇಲೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಪ್ಯಾಡಿನ ಕೆಳಗಿನ ಅಂಚಿನಿಂದ ತೊಟ್ಟಿಕ್ಕಲು ಶುರುವಾಯಿತು. ಟಿಂಕರ್ ಅಣ್ಣ ಹೇಳಿದ್ದೇ.

ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಪ್ಯಾಡ್ ಬಿಚ್ಚಿಸಿದೆ. ಸ್ಪೀಕರ್ ಸುತ್ತ ಹಾಳೆಯನ್ನು ಅಂಗೈ ಅಗಲ ಕೊಯ್ದಿದ್ದಾರೆ, ಕೆಳಗಿನ ಅಂಟು ಪೂರ್ತಿ ಕಿತ್ತು ಜೋತಾಡುತ್ತಿತ್ತು. ತಳದ ಎರಡು ತೂತಿನಲ್ಲಿ ಒಂದು ಮಣ್ಣಿನಿಂದ ಮುಚ್ಚಿಹೋಗಿತ್ತು. ಹೊಸ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಸುತ್ತ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಒತ್ತಿ ಕೂರಿಸಿದರು. ಬಲಗಡೆ ಡೋರಿನಲ್ಲೂ ಅದೇ ಸ್ಥಿತಿ ಇತ್ತು, ಅದನ್ನೂ ಮಾಡಿಸಿದೆ. ಆರು ಸಾವಿರದ ಬೀಡಿಂಗ್ ಹಾಕಿಸಿದ್ದರೆ ನೀರು ಹಾಗೇ ಬರುತ್ತಿತ್ತು ಅನ್ನುವುದು ನೆನೆದರೆ ಸಿಟ್ಟು ಬರುತ್ತದೆ.

ಟಿಂಕರ್ ಅಣ್ಣ, ಹರಿಹರ
ಒಳ್ಳೆಯದಾಯಿತು. ಹಾಳೆಯ ಕೆಳ ಅಂಚು ಡೋರಿನ ಒಳಕ್ಕೆ ತಿರುಗಿರಬೇಕು, ಅದೊಂದು ನೋಡಿಕೊಳ್ಳಿ. ನೀರು ಹಾಳೆಯ ಮೇಲೆ ಜಾರಿ ಡೋರಿನ ಹೊಟ್ಟೆಗೇ ಬೀಳಬೇಕು. ತಳದ ತೂತನ್ನು ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಆಗಾಗ ಬಿಡಿಸಿ. ಮೊಳೆ, ಸ್ಕ್ರೂಡ್ರೈವರ್ ಬೇಡ. ಪೇಂಟ್ ಕೆರೆದರೆ ಅಲ್ಲಿಂದಲೇ ತುಕ್ಕು.

ಕಾರ್ಪೆಟ್ ಮೇಲೆ ಒಣಗಿದ್ದರೂ ಅಡಿಯ ಫೋಮ್ ನೀರು ಹಿಡಿದಿರುತ್ತದೆ. ಎತ್ತಿ, ಅಡಿಯಲ್ಲಿ ಏನಾದರೂ ದೊಡ್ಡದು ಕೊಟ್ಟು ಬಿಸಿಲಿಗೆ ಒಣಗಿಸಿ. ಇಲ್ಲದಿದ್ದರೆ ವಾಸನೆ ಹೋಗುವುದಿಲ್ಲ, ಮಗುವಿನ ಸೀನೂ ನಿಲ್ಲುವುದಿಲ್ಲ.

ಬಾತಿ ಕೆರೆ
ನನ್ನದು ಮುಂದಿನ ಎಡಗಡೆ ಒದ್ದೆ, ಬೇಸಿಗೆಯಲ್ಲೂ. ಅದೂ ಇದೇನಾ?

ಹೈವೇ 48
ಬೇಸಿಗೆಯಲ್ಲಿ ಅಂದರೆ ಎ.ಸಿ. ನೀರು. ಹೊರಗೆ ಹೋಗುವ ಡ್ರೈನ್ ಪೈಪ್ ಕಟ್ಟಿಕೊಂಡಿರುತ್ತದೆ. ಎ.ಸಿ. ಹಾಕಿ ನಿಲ್ಲಿಸಿದಾಗ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಅದೇ.

ಮಲೇಬೆನ್ನೂರು ಟೀಚರ್
ವೈಪರ್ ಕೆಳಗಿನ ಜಾಲರಿಯನ್ನೂ ನೋಡಿ. ಮರದ ಕೆಳಗೆ ನಿಲ್ಲಿಸುವವರ ಕಾರಿನಲ್ಲಿ ಎಲೆ ಕೊಳೆತು ಅಲ್ಲಿಯ ದಾರಿಯೂ ಮುಚ್ಚುತ್ತದೆ. ಅದು ಮಳೆಗಾಲದ ತೊಂದರೆ.

ಹೊಳಲ್ಕೆರೆ ಅಡಿಕೆ
ಬೀಡಿಂಗ್ ಮಾತು ಬಂತು ಅಂತ ಕೇಳುತ್ತೇನೆ. ಆಯುಧ ಪೂಜೆಗೆ ಬಾಗಿಲ ಸಂದಿಗೆ ಹಾರದ ದಾರ ಸಿಕ್ಕಿಸಿ ಬಿಡುತ್ತೇವಲ್ಲ, ಅದರಿಂದ ಏನಾದರೂ ಆಗುತ್ತದಾ? ನಮ್ಮ ಮನೆಯಲ್ಲಿ ಹೂವು ಒಣಗಿ ತಾನಾಗೇ ಬೀಳುವವರೆಗೂ ತೆಗೆಯುವುದಿಲ್ಲ.

ದುರ್ಗದ ಗಾಳಿ
ಆಗುತ್ತದೆ. ದಾರ ಕೂತ ಜಾಗದಲ್ಲಿ ಸ್ಪಂಜು ಒತ್ತಿ ಒತ್ತಿ ಗೀರು ಉಳಿದುಬಿಡುತ್ತದೆ. ಹಾರವನ್ನು ಮುಂದಿನ ಗ್ರಿಲ್ಲಿಗೆ ಕಟ್ಟಿ. ಬಾಳೆಕಂದಿನ ಸೊನೆಯೂ ಅಷ್ಟೇ, ಪೇಂಟಿನ ಮೇಲೆ, ರಬ್ಬರಿನ ಮೇಲೆ ಕಲೆ ಆಗುತ್ತದೆ. ಮಾರನೇ ದಿನವೇ ಒರೆಸಿಬಿಡಿ. ಪೂಜೆಗೆ ಏನೂ ಕಡಿಮೆ ಆಗುವುದಿಲ್ಲ.

ಹೊಳಲ್ಕೆರೆ ಅಡಿಕೆ
ಸರಿ, ಅಮ್ಮನಿಗೆ ಹೇಳುತ್ತೇನೆ. ಅಡಿಕೆ ಮೂಟೆಯನ್ನು ಹಿಂದಿನ ಡೋರಿನಿಂದ ಎಳೆದು ಹಾಕಿದಾಗ ಹೊಸ್ತಿಲ ಬೀಡಿಂಗ್ ಒಂದು ಕಡೆ ಕಿತ್ತು ಬಂದಿದೆ. ಫೆವಿಕ್ವಿಕ್ ಹಾಕಲಾ?

ಟಿಂಕರ್ ಅಣ್ಣ, ಹರಿಹರ
ಬೇಡ. ಅದು ಒಣಗಿ ಗಟ್ಟಿಯಾಗುತ್ತದೆ, ರಬ್ಬರ್ ಬಾಗಿದಾಗ ಟಕ್ ಅಂತ ಬಿಡುತ್ತದೆ. ಬಾಡಿಗೆ ಕೂರುವ ಬೀಡಿಂಗ್‌ನ ಒಳಗೆ ಲೋಹದ ಪಟ್ಟಿ ಇರುತ್ತದೆ, ತಗಡಿನ ಅಂಚನ್ನು ಅದೇ ಕಚ್ಚಿಕೊಳ್ಳುವುದು. ಅಂಟು ಬೇಕಾಗಿಲ್ಲ. ಆ ಭಾಗ ಪೂರ್ತಿ ಬಿಡಿಸಿ, ಅಗಲ ಆಗಿರುವ ಬಾಯಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಮೆಲ್ಲಗೆ ಕಿರಿದು ಮಾಡಿ. ಅಂಚಿನ ಮಣ್ಣು ಒರೆಸಿ, ತುಕ್ಕು ಇದ್ದರೆ ಮೊದಲು ಅದಕ್ಕೆ ಪ್ರೈಮರ್ ಹಚ್ಚಿ. ಆಮೇಲೆ ಕೈಯಿಂದ ಒತ್ತಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ. ಮೂಲೆಯಲ್ಲಿ ಎಳೆದು ಕೂರಿಸಬೇಡಿ. ಎಳೆದ ರಬ್ಬರ್ ಸ್ವಲ್ಪ ದಿನಕ್ಕೆ ಕುಗ್ಗಿ ಕೆಳಗಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಬೀಡಿಂಗ್ ಮೇಲೆ ಅಲ್ಲಲ್ಲಿ ಸೂಜಿ ತೂತಿನಷ್ಟು ಸಣ್ಣ ಕಂಡಿ ಕಂಡರೆ ಹರಿದಿದೆ ಅಂತ ಮುಚ್ಚಬೇಡಿ. ಬಾಗಿಲು ಒತ್ತಿದಾಗ ಒಳಗಿನ ಗಾಳಿ ಹೋಗಲು ಅವರೇ ಮಾಡಿರುವುದು.

ಬಾತಿ ಕೆರೆ
ಇಲಿ ಕಡಿದರೆ? ನಮ್ಮ ಏರಿಯಾದಲ್ಲಿ ಅಕ್ಕಿ ಮಿಲ್ ಹತ್ತಿರ, ಇಲಿ ಕಾಟ ಜಾಸ್ತಿ.

ಪಿ.ಬಿ. ರಸ್ತೆ
ಕಡಿದ ಕಡೆ ಬದಲಾಯಿಸುವುದೇ. ಆದರೆ ಇಲಿ ಬಂದಿದ್ದರೆ ಬೀಡಿಂಗ್ ಬಿಡಿ, ಬಾನೆಟ್ ಎತ್ತಿ ವೈರ್ ನೋಡಿ ಮೊದಲು. ಕಾರಲ್ಲಿ ತಿಂಡಿ ಬಿಡಬೇಡಿ. ಸೀಟಿನ ಕೆಳಗೆ ಬಿದ್ದ ಮಂಡಕ್ಕಿ ಕಾಳಿಗೂ ಬರುತ್ತವೆ.

ಹೈವೇ 48
ಗ್ಲಾಸ್ ಓಡುವ ಚಾನೆಲ್ ರಬ್ಬರ್ ಬಗ್ಗೆ ಯಾರಾದರೂ? ನನ್ನ ಡ್ರೈವರ್ ಕಡೆ ಗ್ಲಾಸ್ ಮೇಲೆ ಬರುವಾಗ ಏದುಸಿರು ಬಿಡುತ್ತದೆ.

ದುರ್ಗದ ಗಾಳಿ
ಮೋಟರ್ ಬದಲಾಯಿಸುವ ಮುಂಚೆ ಚಾನೆಲ್ ತೊಳೆಯಿರಿ. ಆ ರಬ್ಬರಿನ ಒಳಮೈಗೆ ಸಣ್ಣ ನಾರಿನ ಪದರ ಇರುತ್ತದೆ, ಧೂಳು ಅದರಲ್ಲಿ ಕೂತರೆ ಗ್ಲಾಸಿಗೆ ಉದ್ದುದ್ದ ಗೀರೂ ಬೀಳುತ್ತದೆ. ಗ್ಲಾಸ್ ಪೂರ್ತಿ ಇಳಿಸಿ, ಐಸ್‌ಕ್ರೀಂ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಮೇಲಿನಿಂದ ಕೆಳಗೆ ಎಳೆಯಿರಿ. ಬಟ್ಟೆ ಸ್ವಚ್ಛವಾಗಿ ಬರುವವರೆಗೂ ಮಾಡಿ. ಒಣಗಿದ ಮೇಲೆ ಜಿಡ್ಡು ಉಳಿಯದ ಒಣ ಸಿಲಿಕೋನ್ ಸ್ಪ್ರೇ ತೆಳ್ಳಗೆ. ಗ್ರೀಸ್ ಮಾತ್ರ ಅಲ್ಲಿಗೆ ಹಾಕಬೇಡಿ, ಗ್ಲಾಸೆಲ್ಲ ಬಳಿಯುತ್ತದೆ.

ಹೈವೇ 48
ಮಾಡಿದೆ. ಬಂದ ಮಣ್ಣು ನೋಡಿ ಗಾಬರಿಯಾಯಿತು. ಗ್ಲಾಸ್ ಈಗ ಸಲೀಸಾಗಿ ಬರುತ್ತಿದೆ. ಥ್ಯಾಂಕ್ಸ್ ಗುರು.

ಭೀಮಸಮುದ್ರ
ತಡವಾಗಿ ಬಂದೆ. ನಮ್ಮ ಕಡೆ ಅದಿರು ಲಾರಿಗಳ ಕೆಂಪು ಧೂಳು. ನಾಲ್ಕು ಬಾಗಿಲೂ ಸರಿ ಇವೆ, ಆದರೆ ಡಿಕ್ಕಿ ತೆಗೆದರೆ ಒಳಗೆ ಬಟ್ಟೆ ಬ್ಯಾಗೆಲ್ಲ ಕೆಂಪು. ಬೀಡಿಂಗ್ ಹೊಸದೇ ಹಾಕಿಸಿದ್ದೇನೆ. ಇನ್ನೇನು ಮಾಡಲಿ?

ಮಲೇಬೆನ್ನೂರು ಟೀಚರ್
ಗ್ಲಾಸ್ ಇಳಿಸಿಕೊಂಡು ಓಡಿಸುತ್ತೀರಾ? ಕಾರು ಓಡುವಾಗ ಧೂಳೆಲ್ಲ ಸುಳಿದು ಹಿಂದುಗಡೆಯೇ ಸೇರುತ್ತದೆ. ಗ್ಲಾಸ್ ತೆಗೆದಿದ್ದರೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

ಭೀಮಸಮುದ್ರ
ಹೌದು ಮೇಡಂ, ಅರ್ಧ ಇಳಿಸಿರುತ್ತೇನೆ. ಆದರೆ ಮುಚ್ಚಿದಾಗಲೂ ಸ್ವಲ್ಪ ಬರುತ್ತದೆ.

ಟಿಂಕರ್ ಅಣ್ಣ, ಹರಿಹರ
ಡಿಕ್ಕಿಯ ಬೀಡಿಂಗ್, ಎದುರಿನ ಪೇಂಟ್ ಎರಡನ್ನೂ ಪೂರ್ತಿ ಒರೆಸಿ ಸ್ವಚ್ಛ ಮಾಡಿ. ಆ ಲಾರಿ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬಂದು ಮೆಲ್ಲಗೆ ಡಿಕ್ಕಿ ಎತ್ತಿ ನೋಡಿ. ಬೀಡಿಂಗ್ ಒತ್ತಿದ ಗೆರೆಯ ಒಳಗಡೆಗೆ ಕೆಂಪು ದಾಟಿರುವ ಜಾಗ ಕಾಣುತ್ತದೆ. ಧೂಳು ಬರುವುದು ಅಲ್ಲಿಂದ. ಡಿಕ್ಕಿ ಬಾಗಿಲಿನ ಎರಡೂ ಬದಿಗೆ ತಿರುಗಿಸುವ ರಬ್ಬರ್ ಗುಂಡಿಗಳು ಇರುತ್ತವೆ. ಅವು ಜಾಸ್ತಿ ಹೊರಗೆ ಬಂದಿದ್ದರೆ ಬಾಗಿಲು ಬೀಡಿಂಗನ್ನು ಒತ್ತುವುದೇ ಇಲ್ಲ, ಬೀಡಿಂಗ್ ಎಷ್ಟು ಹೊಸದಿದ್ದರೂ ಅಷ್ಟೇ. ಎರಡೂ ಕಡೆ ಒಂದೇ ಸಮ ಒಳಕ್ಕೆ ತಿರುಗಿಸಿ, ಲಾಕಿನ ಕೊಕ್ಕೆಯನ್ನೂ ಸ್ವಲ್ಪ ಒಳಗೆ ಸರಿಸಿ. ನಂಬರ್ ಪ್ಲೇಟ್ ಲೈಟಿನ ವೈರ್ ಹೋಗುವ ರಬ್ಬರ್ ಬುಷ್ ಜಾಗದಿಂದ ಕಿತ್ತು ಬಂದಿದೆಯಾ ಅಂತಲೂ ಬೆರಳು ಹಾಕಿ ನೋಡಿ, ಅಲ್ಲಿಂದಲೂ ಧೂಳು ಬರುತ್ತದೆ.

ಭೀಮಸಮುದ್ರ
ಬುಷ್ ಕಿತ್ತಿದೆ ಅಣ್ಣ! ಈಗಲೇ ನೋಡಿದೆ. ಗುಂಡಿಗಳನ್ನು ನಾಳೆ ತಿರುಗಿಸುತ್ತೇನೆ.